ವಾರಾಂತ್ಯದ ಟ್ರಿಪ್: ಮೊದಲು ವಾಪಸ್ ಬರುವ ದಾರಿ, ಆಮೇಲೆ ಊರು

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಕಲಬುರಗಿಯ ನಮ್ಮ ಮನೆಗೆ ಜರ್ಮನಿಗೆ ಓದಲು ಹೊರಟ ಹುಡುಗರು, ಹುಡುಗಿಯರು ಬರುತ್ತಾರೆ. ನಾನು ಡ್ರೆಸ್ಡೆನ್‌ನಲ್ಲಿ ಓದಿ ಬಂದದ್ದು ಯಾರಿಂದಲೋ ಗೊತ್ತಾಗಿರುತ್ತದೆ. ವೀಸಾ, ರೂಮು, ಬ್ಲಾಕ್ಡ್ ಅಕೌಂಟು (ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಮೊದಲೇ ಹಣ ಕಟ್ಟಿಡುವ ಖಾತೆ), ಚಳಿಗೆ ಯಾವ ಜಾಕೆಟ್ಟು, ಎಲ್ಲ ಕೇಳಿ ಮುಗಿಸುತ್ತಾರೆ. ಅಪ್ಪ ಅಮ್ಮ ಚಹಾ ಕಪ್ ಹಿಡಿದು ನಮ್ಮ ಮನೆಯವರ ಜೊತೆ ಮಾತಿಗೆ ಕೂತಾಗ ಮೆಲ್ಲಗೆ ಕೊನೆಯ ಪ್ರಶ್ನೆ ಬರುತ್ತದೆ. ‘ಶನಿವಾರ, ರವಿವಾರ ಫ್ರೆಂಡ್ಸ್ ಜೊತೆ ಸುತ್ತಾಡೋಕೆ ಆಗುತ್ತಾ?’

ಆಗುತ್ತದೆ, ಆಗಲೇಬೇಕು. ಐದು ದಿನ ಲ್ಯಾಬು, ಲೈಬ್ರರಿ, ಅಡುಗೆ ಅಂತ ಒಬ್ಬರೇ ಇದ್ದು ಇದ್ದು ಮನಸ್ಸು ಮುದುಡಿರುತ್ತದೆ. ಎರಡು ದಿನ ನಾಲ್ಕು ಜನರ ಜೊತೆ ಕನ್ನಡದಲ್ಲಿ ಮಾತಾಡುತ್ತಾ ಹೊಸ ಊರಲ್ಲಿ ನಡೆದು ಬಂದರೆ ಸೋಮವಾರಕ್ಕೆ ಬಲ ಬರುತ್ತದೆ. ಆದರೆ ಕೆಟ್ಟ ಟ್ರಿಪ್‌ಗಳನ್ನೂ ತುಂಬ ನೋಡಿದ್ದೇನೆ. ಅವುಗಳಲ್ಲಿ ಊರು ಚೆನ್ನಾಗಿಲ್ಲ ಅಂತ ಕೆಟ್ಟದ್ದು ಒಂದೂ ಇಲ್ಲ. ಕೈಯಲ್ಲಿ ಸರಿಯಾದ ಕಾಗದ ಇರಲಿಲ್ಲ, ಇಲ್ಲವೇ ವಾಪಸ್ ಬರುವ ದಾರಿ ನೋಡಿರಲಿಲ್ಲ. ಇವೆರಡೇ. ಹಾಗಾಗಿ ಇಲ್ಲಿ ನಾನು ಜಾಸ್ತಿ ಬರೆಯುವುದು ಅವೆರಡರ ಬಗ್ಗೆಯೇ. ಊರು ನೋಡುವುದನ್ನು ನೀವೇ ನೋಡಿಕೊಳ್ಳುತ್ತೀರಿ.

ಹೊರಡುವ ಮುಂಚೆ: ಬೀದರ್‌ಗೆ ಒಮ್ಮೆ ಹೋಗಿ ಬನ್ನಿ

ನಿಜವಾಗಿ ಹೇಳುತ್ತಿದ್ದೇನೆ. ವಿಮಾನ ಹತ್ತುವ ಮುಂಚೆ ಇಲ್ಲಿಂದಲೇ ಒಂದು ತಾಲೀಮು ಮಾಡಿ. 2017ರ ಅಕ್ಟೋಬರ್‌ನಿಂದ ಕಲಬುರಗಿ–ಬೀದರ್ ನಡುವೆ ರೈಲು ಓಡುತ್ತಿದೆ, 110 ಕಿಲೋಮೀಟರ್ ದಾರಿ. ಮನೆಯ ಕಾರು ಬೇಡ, ಮಾವನ ಮನೆಯಲ್ಲಿ ಉಳಿಯುವುದು ಬೇಡ. ನಾಲ್ಕು ಜನ, ಬೆನ್ನಿಗೊಂದೊಂದು ಬ್ಯಾಗು, ಒಂದು ರಾತ್ರಿ. ವಾಪಸ್ ಗಾಡಿ ಯಾವುದು, ಅದು ತಪ್ಪಿದರೆ ಬಸ್ಸು ಎಷ್ಟಕ್ಕೆ ಅಂತ ಮೊದಲೇ ಬರೆದಿಟ್ಟುಕೊಂಡು ಹೋಗಬೇಕು. ಕೋಟೆ ನೋಡಿ, 1472ರ ಮಹಮೂದ್ ಗವಾನ್ ಮದರಸಾದ ಗೋಡೆ ಮೇಲೆ ಉಳಿದ ನೀಲಿ ಹೆಂಚು ನೋಡಿ, ಝರಣಿ ನರಸಿಂಹನ ಗುಹೆಗೂ ಹೋಗಿ. ಅಲ್ಲಿ ನೀರಿನಲ್ಲೇ ನಡೆದು ದೇವರ ಹತ್ತಿರ ಹೋಗಬೇಕು. ಇಳಿಯುವ ಮುಂಚೆ ಎಲ್ಲರ ಫೋನು, ಪರ್ಸು ಯಾರ ಹತ್ತಿರ ಇರಬೇಕು ಅಂತ ಮಾತು ಬರುತ್ತದೆ ನೋಡಿ, ಆಗ ಗೊತ್ತಾಗುತ್ತದೆ ನಿಮ್ಮಲ್ಲಿ ಯಾರು ಜವಾಬ್ದಾರಿಯವರು ಅಂತ. ಪರದೇಶದಲ್ಲಿ ಟ್ರಿಪ್ ನಡೆಯುವುದು ಅಂಥವರಿಂದಲೇ.

1. ಜೊತೆ

ನಾಲ್ಕು ಜನ, ತಪ್ಪಿದರೆ ಐದು. ಅದಕ್ಕಿಂತ ಹೆಚ್ಚಾದರೆ ಹೋಗಬೇಡಿ. ಎಂಟು ಜನ ಒಂದು ಟ್ರಾಮ್ ಸ್ಟಾಪಿನಲ್ಲಿ ಎಲ್ಲಿ ಊಟ ಅಂತ ಚರ್ಚೆಗೆ ನಿಂತರೆ ಅರ್ಧ ಶನಿವಾರ ಅಲ್ಲೇ ಹೋಗುತ್ತದೆ. ಜರ್ಮನಿಯ ರಾಜ್ಯವಾರು ಡೇ ಟಿಕೆಟ್‌ಗಳು, ಸಾಕ್ಸನ್ ಟಿಕೆಟ್, ಬಯರ್ನ್ ಟಿಕೆಟ್ ಇಂಥವು, ಐದು ಜನರವರೆಗೆ ಒಟ್ಟಿಗೇ ಸಿಗುತ್ತವೆ. ಆರನೆಯವರು ಬಂದರೆ ಆ ಲೆಕ್ಕವೂ ಕೆಡುತ್ತದೆ. ಅಂದಹಾಗೆ, ಇವು ವಾರದ ದಿನ ಬೆಳಗ್ಗೆ 9 ಗಂಟೆಯ ಮೇಲೆ ಮಾತ್ರ ನಡೆಯುತ್ತವೆ. ಶನಿವಾರ, ರವಿವಾರ ಆ ನಿರ್ಬಂಧ ಇಲ್ಲ.

2. ಊರು

ಒಂದೇ ಊರು ಆರಿಸಿ. ಎರಡು ದಿನದಲ್ಲಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಮಾಡುತ್ತೇವೆ ಅನ್ನುವವರು ನೋಡುವುದು ಮೂರು ಬಸ್ ನಿಲ್ದಾಣ.

ಮೊದಲ ಟ್ರಿಪ್ ಗಡಿ ದಾಟದೆ ಇರಲಿ. ಡ್ರೆಸ್ಡೆನ್ ಕಡೆಯವರಾದರೆ ಎಸ್-ಬಾನ್ ಅನ್ನುವ ಲೋಕಲ್ ಟ್ರೇನು ಹತ್ತಿ ರಾಟೆನ್‌ಗೆ ಹೋಗಿ, ದೋಣಿಯಲ್ಲಿ ಎಲ್ಬೆ ನದಿ ದಾಟಿ, ಬಾಸ್ಟೈ ಬಂಡೆಗಳ ಮೇಲಿನ ಕಲ್ಲು ಸೇತುವೆಗೆ ಹತ್ತಿ. 1851ರಲ್ಲಿ ಕಟ್ಟಿದ್ದು. ಕೆಳಗೆ ನೋಡಿದರೆ ಎಲ್ಬೆ 194 ಮೀಟರ್ ಆಳದಲ್ಲಿ ಹರಿಯುತ್ತಿರುತ್ತದೆ. ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಯಾದಗಿರಿ ಜಿಲ್ಲೆಯ ಶಹಾಪುರದ ಮಲಗಿದ ಬುದ್ಧನ ಬೆಟ್ಟ. ಬಂಡೆಯ ಬಣ್ಣ ಬೇರೆ, ಗಾಳಿ ಬೇರೆ, ಆದರೂ ಕಲ್ಲನ್ನು ನೋಡುತ್ತಾ ಸುಮ್ನೆ ಕೂರುವ ಸುಖ ಒಂದೇ.

3. ವಾಪಸ್ ಬರುವ ದಾರಿ

ಎಲ್ಲರೂ ಮಾಡುವ ತಪ್ಪು ಇದು. ಶುಕ್ರವಾರ ರಾತ್ರಿ ಹೋಗುವ ಅಗ್ಗದ ಟಿಕೆಟ್ ಸಿಕ್ಕಿತು ಅಂತ ಖುಷಿಯಲ್ಲಿ ತೆಗೆದುಬಿಡುತ್ತಾರೆ. ವಾಪಸ್ ಬರುವುದನ್ನು ಆಮೇಲೆ ನೋಡೋಣ ಅಂತ ಬಿಡುತ್ತಾರೆ. ರವಿವಾರ ಸಂಜೆ ಅಲ್ಲಿಯ ಅರ್ಧ ದೇಶ ಮನೆಗೆ ಹೊರಟಿರುತ್ತದೆ. ಆಗ ಉಳಿದಿರುವ ಟಿಕೆಟ್‌ಗೆ ಹೋಗುವಾಗಿನ ಮೂರು ಪಟ್ಟು ದುಡ್ಡು ಕೊಟ್ಟವರನ್ನು ನೋಡಿದ್ದೇನೆ.

ನೀವು ಉಲ್ಟಾ ಮಾಡಿ. ಸೋಮವಾರ ಎಷ್ಟು ಗಂಟೆಗೆ ಕ್ಲಾಸು? ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ರವಿವಾರ ರಾತ್ರಿ 10ರೊಳಗೆ ನಿಮ್ಮ ಊರಿನ ನಿಲ್ದಾಣಕ್ಕೆ ಮುಟ್ಟಬೇಕು, ಅಲ್ಲಿಂದ ರೂಮಿಗೆ ಹೋಗಲು ಟ್ರಾಮ್ ಇರಬೇಕು. ಆ ಗಾಡಿ ಯಾವುದು ಅಂತ ಮೊದಲು ಹುಡುಕಿ. ಅದಾದ ಮೇಲೆ ಇನ್ನೊಂದು ಗಾಡಿ ಇದೆಯಾ ನೋಡಿ. ಇದ್ದರೆ ಮಾತ್ರ ಟಿಕೆಟ್ ತೆಗೆಯಿರಿ. ದಿನದ ಕೊನೆಯ ಗಾಡಿಗೆ ಟಿಕೆಟ್ ತೆಗೆಯುವುದನ್ನು ನಾನು ಒಪ್ಪುವುದೇ ಇಲ್ಲ. ಅದು ರದ್ದಾದರೆ ರಾತ್ರಿಯೆಲ್ಲ ನಿಲ್ದಾಣದ ಬೆಂಚೇ ಗತಿ.

ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ, ಇಡೀ ಜರ್ಮನಿಯ ತಿಂಗಳ ಪಾಸಿನ ಬಗ್ಗೆ ಒಂದು ಮಾತು. 2023ರ ಮೇ ತಿಂಗಳಿಂದ ಬಂದದ್ದು. ಬಹಳ ಯೂನಿವರ್ಸಿಟಿಗಳಲ್ಲಿ ಸೆಮಿಸ್ಟರ್ ಫೀ ಜೊತೆಗೇ ಅದರ ವಿದ್ಯಾರ್ಥಿ ರೂಪ ಬರುತ್ತದೆ. ಊರಿನ ಬಸ್ಸು, ಟ್ರಾಮು, ಎಸ್-ಬಾನ್, ಯೂ-ಬಾನ್ (ಮೆಟ್ರೋ), ರೀಜನಲ್ ಟ್ರೇನು ಎಲ್ಲಕ್ಕೂ ನಡೆಯುತ್ತದೆ. ಆದರೆ ಐಸಿಇ, ಐಸಿ, ಯೂರೋಸಿಟಿ ಅನ್ನುವ ದೂರದ ಎಕ್ಸ್‌ಪ್ರೆಸ್ ಗಾಡಿಗಳಿಗೆ ನಡೆಯುವುದಿಲ್ಲ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಸುಮಾರು ಎರಡೂವರೆ ತಾಸಿನಲ್ಲಿ ಮುಟ್ಟಿಸುವುದು ಯೂರೋಸಿಟಿ. ‘ನನ್ನ ಹತ್ತಿರ ಟಿಕೆಟ್ ಇದೆ’ ಅಂತ ಹತ್ತಿ ದಂಡ ಕಟ್ಟಿದವರು ಒಬ್ಬಿಬ್ಬರಲ್ಲ.

ಅಗ್ಗದ ಟ್ರೇನ್ ಟಿಕೆಟ್ ತೆಗೆದರೆ ಅದು ಒಂದೇ ಗಾಡಿಗೆ ಕಟ್ಟುಬಿದ್ದಿರುತ್ತದೆ, ಬೇರೆ ಗಾಡಿ ಹತ್ತುವಂತಿಲ್ಲ. ಆದರೆ ಮುಟ್ಟುವ ಹೊತ್ತಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುತ್ತದೆ ಅಂತ ತಿಳಿದರೆ ಜರ್ಮನ್ ರೈಲ್ವೆಯಲ್ಲಿ ಆ ಕಟ್ಟು ಬಿಚ್ಚುತ್ತದೆ, ಮುಂದಿನ ಗಾಡಿಯಲ್ಲಿ ಬರಬಹುದು. ಒಂದು ತಾಸು ತಡವಾದರೆ ಟಿಕೆಟ್ ದುಡ್ಡಿನ ಶೇ. 25, ಎರಡು ತಾಸಾದರೆ ಶೇ. 50 ವಾಪಸ್ ಕೇಳಬಹುದು. ಕೇಳಿ, ನಾಚಿಕೊಳ್ಳಬೇಡಿ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇದ್ದರೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗುತ್ತದೆ. ದುಡ್ಡು ಉಳಿಸಲು ಒಂದು ಬಸ್ಸು, ಒಂದು ಟ್ರೇನು ಅಂತ ಬೇರೆ ಬೇರೆ ಟಿಕೆಟ್ ತೆಗೆದಾಗ ಬಸ್ಸು ತಡವಾಗಿ ಟ್ರೇನು ತಪ್ಪಿದರೆ ಆ ನಷ್ಟ ನಿಮ್ಮದೇ. ಹಾಗೆ ಮಾಡಲೇಬೇಕಾದರೆ ನಡುವೆ ಎರಡು ತಾಸು ಬಿಡಿ.

ಅಗ್ಗದ ವಿಮಾನವೂ ಒಂದು ಬಲೆ. ಊರಿನ ಹೆಸರು ನೋಡಿ ಮೋಸ ಹೋಗಬೇಡಿ. ಫ್ರಾಂಕ್‌ಫರ್ಟ್–ಹಾನ್ ಅನ್ನುವ ವಿಮಾನ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿಲೋಮೀಟರ್ ದೂರ. ಬೀದರ್‌ನಲ್ಲಿ ಇಳಿಸಿ ‘ಕಲಬುರಗಿ ಬಂತು, ಇಳೀರಿ’ ಅಂದ ಹಾಗೆ! ಅಲ್ಲಿಂದ ಊರಿಗೆ ಬಸ್ ಚಾರ್ಜು, ಬೆಳಗ್ಗೆ 6ರ ವಿಮಾನಕ್ಕೆ ರಾತ್ರಿಯೇ ಹೋಗಿ ಕೂರುವುದು, ಎಲ್ಲ ಸೇರಿಸಿದರೆ ಅಗ್ಗ ಅನ್ನುವುದು ಉಳಿಯುವುದಿಲ್ಲ. ಐದಾರು ತಾಸಿನ ದಾರಿಗೆ ಟ್ರೇನೇ ಸರಿ.

ಇನ್ನೊಂದು ವಿಷಯ, ನಮ್ಮ ದೇಶದಿಂದ ಹೋದವರಿಗೆ ತಲೆಗೇ ಹೊಳೆಯದ್ದು. ಮಾರ್ಚ್‌ನ ಕೊನೆಯ ರವಿವಾರ ಬೆಳಗಿನ ಜಾವ ಅಲ್ಲಿ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗುತ್ತದೆ. ಅಕ್ಟೋಬರ್‌ನ ಕೊನೆಯ ರವಿವಾರ ಹಿಂದಕ್ಕೆ ಬರುತ್ತದೆ. ಫೋನು ತಾನೇ ಬದಲಾಗುತ್ತದೆ. ಕೈಗಡಿಯಾರ ನಂಬಿ ಬಸ್ಸಿಗೆ ಹೊರಟರೆ ಮಾರ್ಚ್‌ನಲ್ಲಿ ಬಸ್ಸು ಒಂದು ತಾಸಿನ ಹಿಂದೆಯೇ ಹೋಗಿರುತ್ತದೆ.

4. ಕಾಗದಪತ್ರ: ಇದನ್ನು ಎರಡು ಸಲ ಓದಿ

ಪ್ರಾಗ್‌ನಿಂದ ರವಿವಾರ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆವು. ನಾವು ನಾಲ್ವರು. ಮಡಿಲಲ್ಲಿ ಕಡಕ್ ರೊಟ್ಟಿಯ ಡಬ್ಬಿ ತೆರೆದಿತ್ತು, ಕೊನೆಯ ರೊಟ್ಟಿ ಮುರಿದು ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿಕೊಳ್ಳುತ್ತಿದ್ದೆವು. ಗಡಿ ದಾಟಿದ ಮೇಲೆ ಬಸ್ಸು ರಸ್ತೆ ಬದಿಗೆ ನಿಂತಿತು. ಒಳಗಿನ ಲೈಟು ಹತ್ತಿತು. ಇಬ್ಬರು ಪೊಲೀಸರು ಹತ್ತಿ ಮುಂದಿನ ಸೀಟಿನಿಂದ ಒಬ್ಬೊಬ್ಬರದೇ ಪಾಸ್‌ಪೋರ್ಟ್ ನೋಡುತ್ತಾ ಬಂದರು. ನಮ್ಮಲ್ಲೊಬ್ಬ, ಯಾದಗಿರಿ ಕಡೆಯವನು, ಫೋನ್ ತೆಗೆದು ಪಾಸ್‌ಪೋರ್ಟಿನ ಫೋಟೋ ತೋರಿಸಿದ. ಪೊಲೀಸ್ ಫೋಟೋ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದರು. ‘ಒರಿಜಿನಲ್?’ ಒರಿಜಿನಲ್ ಡ್ರೆಸ್ಡೆನ್‌ನ ರೂಮಿನಲ್ಲಿ, ಕಾಲುಚೀಲದ ಡ್ರಾಯರಿನಲ್ಲಿತ್ತು. ಕಳೆದು ಹೋಗಬಾರದು ಅಂತ ಅಲ್ಲೇ ಇಟ್ಟು ಬಂದಿದ್ದ. ಅವನನ್ನು ಇಳಿಸಿದರು. ಅವನು ಕೈಬೆರಳಿಗೆ ಹತ್ತಿದ ಹಿಂಡಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಇಳಿದದ್ದು ಇನ್ನೂ ಕಣ್ಣ ಮುಂದಿದೆ. ಬಸ್ಸು ಕಾಯಲಿಲ್ಲ. ಯಾರು ಏನು ಅಂತ ಖಾತ್ರಿ ಮಾಡಿಕೊಂಡು ಬೆಳಗ್ಗೆ ಬಿಟ್ಟರು. ಆಮೇಲೆ ದಂಡದ ಪತ್ರವೂ ಬಂತು. ಅವತ್ತಿನ ಅವನ ಪ್ರಾಕ್ಟಿಕಲ್ ತಪ್ಪಿತು.

ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ, ಗಡಿಯೇ ಇಲ್ಲ, ತಪಾಸಣೆಯೇ ಇಲ್ಲ ಅಂತ ಎಲ್ಲರೂ ತಿಳಿದಿರುತ್ತಾರೆ. ಗೇಟು ಇರುವುದಿಲ್ಲ ನಿಜ, ಹೋಗಲು ಬೇರೆ ವೀಸಾವೂ ಬೇಡ. ಆದರೆ ಕಾಗದ ಬೇಕೇ ಬೇಕು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಚೆಕ್ ಗಡಿಯಲ್ಲಿ ಅದಕ್ಕೂ ಮುಂಚೆಯೇ ಇತ್ತು.

ಹಾಗಾದರೆ ಏನೇನು ಬೇಕು? ಎರಡು. ಒಂದು, ಒರಿಜಿನಲ್ ಪಾಸ್‌ಪೋರ್ಟ್. ಇನ್ನೊಂದು, ನಿಮ್ಮ ಜರ್ಮನ್ ರೆಸಿಡೆನ್ಸ್ ಪರ್ಮಿಟ್ ಕಾರ್ಡ್, ಅಥವಾ ಅದು ಬರುವವರೆಗೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ, ಅವಧಿ ಮುಗಿಯದ ಡಿ ವೀಸಾ (ದೀರ್ಘಕಾಲ ಇರಲು ಕೊಡುವ ವೀಸಾ). ಇವೆರಡೂ ಒಟ್ಟಿಗೆ ಇರಬೇಕು. ಕಾರ್ಡ್ ಒಂದೇ ಸಾಲದು, ಪಾಸ್‌ಪೋರ್ಟ್ ಒಂದೇ ಸಾಲದು. ಯೂನಿವರ್ಸಿಟಿ ಐಡಿ, ಆಧಾರ್, ಜೆರಾಕ್ಸ್ ಯಾವುದೂ ಅದರ ಬದಲಿಗೆ ನಡೆಯುವುದಿಲ್ಲ. ಈ ಎರಡಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಸುತ್ತಬಹುದು. 2025ರಲ್ಲಿ ಬಲ್ಗೇರಿಯಾ, ರೊಮೇನಿಯಾ ಪೂರ್ತಿ ಸೇರಿದ ಮೇಲೆ ಒಟ್ಟು 29 ದೇಶ. ಬ್ರಿಟನ್, ಐರ್ಲೆಂಡ್ ಇದರಲ್ಲಿ ಇಲ್ಲ, ಅವಕ್ಕೆ ಬೇರೆ ವೀಸಾ ಬೇಕು. ಲಂಡನ್‌ಗೆ ಅಗ್ಗದ ಟಿಕೆಟ್ ಅಂತ ಯಾರೋ ಗ್ರೂಪಿನಲ್ಲಿ ಹಾಕಿದ ಕೂಡಲೇ ಬುಕ್ ಮಾಡಿ ದುಡ್ಡು ಕಳೆದುಕೊಂಡವರಿದ್ದಾರೆ.

ನಡುವೆ ಒಂದು ಕಷ್ಟದ ಕಾಲ ಬರುತ್ತದೆ. ಮೊದಲ ವೀಸಾ ಮುಗಿದಿರುತ್ತದೆ, ಕಾರ್ಡು ಇನ್ನೂ ಬಂದಿರುವುದಿಲ್ಲ, ವಿದೇಶಿಯರ ಕಚೇರಿ ಒಂದು ಹಾಳೆ ಕೊಟ್ಟಿರುತ್ತದೆ. ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್ ಅನ್ನುವುದು ಅದರ ಹೆಸರು. ಜರ್ಮನಿಯಲ್ಲಿ ಇರಲು ಅದು ಸಾಕು. ಅದೊಂದನ್ನೇ ಹಿಡಿದು ಗಡಿ ದಾಟಬೇಡಿ. ಆ ಹಾಳೆಯಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಸೀನಿಯರ್ ಹೇಳಿದ, ಅವನು ಹೋಗಿ ಬಂದ ಅನ್ನುವುದು ಆಧಾರ ಅಲ್ಲ. ಕಚೇರಿಗೆ ಈಮೇಲ್ ಬರೆದು ಉತ್ತರ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬರದಿದ್ದರೆ ಆ ತಿಂಗಳು ಜರ್ಮನಿಯೊಳಗೇ ತಿರುಗಿ. ಲೈಪ್ಜಿಗ್ ಇದೆ, ಬರ್ಲಿನ್ ಇದೆ, ಏನು ಕಡಿಮೆ? ಅಪಾಯಿಂಟ್‌ಮೆಂಟ್ ಸಿಕ್ಕಿದೆ ಅನ್ನುವ ಈಮೇಲಿನ ಪ್ರಿಂಟು ಅಂತೂ ಏನೂ ಅಲ್ಲ.

ಫೋನಿನಲ್ಲಿ ಫೋಟೋ ಇರಲಿ, ಬೇಡ ಅನ್ನುವುದಿಲ್ಲ. ಪಾಸ್‌ಪೋರ್ಟ್ ಕಳೆದರೆ ಪೊಲೀಸರ ಹತ್ತಿರ ದೂರು ಬರೆಸಲು, ಭಾರತದ ದೂತಾವಾಸಕ್ಕೆ ನಂಬರ್ ಕೊಡಲು ಅದು ಬೇಕು. ಅಮ್ಮನ ಫೋನಿಗೂ ಒಂದು ಕಳಿಸಿಡಿ.

ಈಗ ಒರಿಜಿನಲ್ ಪಾಸ್‌ಪೋರ್ಟು, ಕಾರ್ಡು ಎಲ್ಲಿ ಇಟ್ಟುಕೊಳ್ಳುವುದು? ಮೈಮೇಲೆ. ಬ್ಯಾಗಿನಲ್ಲಿ ಅಲ್ಲ, ಹಾಸ್ಟೆಲ್ ಲಾಕರಿನಲ್ಲಿ ಅಲ್ಲ. ಆನ್‌ಲೈನ್‌ನಲ್ಲಿ ಸಿಗುವ ಸೊಂಟದ ಪೌಚ್‌ಗಳನ್ನು ತೆಗೆದುಕೊಳ್ಳಬೇಡಿ, ಜಿಪ್ಪು ಎರಡು ತಿಂಗಳಲ್ಲಿ ಬಾಯಿ ಬಿಡುತ್ತದೆ, ಪ್ಲಾಸ್ಟಿಕ್ ಬೆವರಿಗೆ ಮೈಗೆ ಅಂಟುತ್ತದೆ. ಹೊರಡುವ ಮುಂಚೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದಾದರೂ ಟೇಲರ್ ಹತ್ತಿರ ದಪ್ಪ ಕಾಟನ್ ಬಟ್ಟೆಯಲ್ಲಿ ಒಂದು ಚೀಲ ಹೊಲಿಸಿಕೊಳ್ಳಿ. ಪಾಸ್‌ಪೋರ್ಟ್ 12.5 ಸೆಂಟಿಮೀಟರ್ ಉದ್ದ, 8.8 ಅಗಲ. ಚೀಲದ ಒಳಗಳತೆ 14ಕ್ಕೆ 10 ಇರಲಿ. ಮೇಲೆ ಮಡಚುವ ಮುಚ್ಚಳ, ಎರಡು ಗುಂಡಿ, ಕೊರಳಿಗೆ ಹಾಕಲು ಚಪ್ಪಟೆ ಲಾಡಿ. ದಾರ ಬೇಡ, ಕತ್ತು ಕೊರೆಯುತ್ತದೆ. ಅಂಗಿಯ ಒಳಗೆ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ. ನನ್ನದು ಇನ್ನೂ ಇದೆ, ಒಂದು ಹೊಲಿಗೆ ಬಿಟ್ಟಿಲ್ಲ.

ಬಾಗಿಲು ಹಾಕುವ ಮುಂಚೆ ನಾಲ್ವರೂ ಚೀಲ ತೆಗೆದು ಒಬ್ಬರಿಗೊಬ್ಬರು ತೋರಿಸಿ. ‘ಇದೆ’ ಅಂತ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಅವತ್ತು ನಾವು ಬಾಯಿ ಮಾತು ನಂಬಿದ್ದೆವು.

ಸರ್ಕಾರಿ ಆರೋಗ್ಯ ವಿಮೆ ಇರುವವರು ಆ ವಿಮೆಯ ಕಾರ್ಡನ್ನೂ ಚೀಲದಲ್ಲೇ ಇಡಿ. ಅದರ ಹಿಂಭಾಗವೇ ಯುರೋಪಿನ ಆರೋಗ್ಯ ಕಾರ್ಡು, ಚೆಕ್ ದೇಶದಲ್ಲಿ ಜ್ವರ ಬಂದರೂ ನಡೆಯುತ್ತದೆ. ತುರ್ತಿಗೆ 112.

5. ಬ್ಯಾಗು ಮತ್ತು ಬುತ್ತಿ

ಒಂದೇ ಬ್ಯಾಗು, ಒಂದು ಜೊತೆ ಬಟ್ಟೆ, ಟವೆಲ್ಲು, ಚಿಕ್ಕ ಬೀಗ, ನೀರಿನ ಬಾಟಲಿ. ನಲ್ಲಿ ನೀರು ಕುಡಿಯಬಹುದು, ಕೊಳ್ಳಬೇಡಿ.

ಬುತ್ತಿಯ ವಿಷಯ ಬೇರೆ. ಜರ್ಮನಿಯಲ್ಲಿ ರವಿವಾರ ಅಂಗಡಿ ಮುಚ್ಚಿರುತ್ತವೆ. ದೊಡ್ಡ ನಿಲ್ದಾಣದ ಒಳಗಿನ ಒಂದೆರಡು ಬಿಟ್ಟರೆ ಏನೂ ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ರೇಟು ಜಾಸ್ತಿ. ಇದಕ್ಕೆ ನಮ್ಮ ಕಡಕ್ ರೊಟ್ಟಿಯಂಥ ಪ್ರಯಾಣದ ಊಟ ಬೇರೆ ಇಲ್ಲ. ವಾರಗಟ್ಟಲೆ ಕೆಡದು, ಬಿಸಿ ಮಾಡಬೇಕಿಲ್ಲ, ವಾಸನೆ ಬಂತು ಅಂತ ಪಕ್ಕದವರು ಮುಖ ಗಂಟಿಕ್ಕುವುದಿಲ್ಲ. ಮುರಿಯದ ಹಾಗೆ ಒಯ್ಯುವುದು ಹೇಗೆ ಅಂತ ಕೇಳುತ್ತಾರೆ. ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ತುರುಕಿದರೆ ಪುಡಿಯೇ. ಊರಿಂದ ಹೋಗುವಾಗಲೇ ಸಣ್ಣ ರೊಟ್ಟಿ ತಟ್ಟಿಸಿಕೊಳ್ಳಿ, ಅಂಗೈಗಿಂತ ಸ್ವಲ್ಪ ದೊಡ್ಡದು, ಅಗಲವಾದ ಡಬ್ಬಿಯಲ್ಲಿ ಸರಿಯಾಗಿ ಕೂರುವಷ್ಟು. ಮೇಲೆ ಜಾಗ ಉಳಿದರೆ ಕರವಸ್ತ್ರ ಮಡಚಿ ತುಂಬಿ. ಅಲುಗದಿದ್ದರೆ ಮುರಿಯುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಉಪ್ಪಿನಕಾಯಿ ಬೇಡ. ವಿಮಾನವಾದರೆ ಅದು ದ್ರವದ ಲೆಕ್ಕಕ್ಕೆ ಬರುತ್ತದೆ, 100 ಮಿಲಿಲೀಟರ್ ಮೀರಿದ ಬಾಟಲಿ ಕಿತ್ತುಕೊಳ್ಳಬಹುದು. ಬಸ್ಸಾದರೆ ಎಣ್ಣೆ ಸೋರಿ ಬಟ್ಟೆ ಹಾಳು. ಇನ್ನು ಊರಿಂದ ತುಪ್ಪ, ಪೇಢೆ ಒಯ್ಯುವ ಆಸೆ ಬಿಡಿ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರಲು ಬಿಡುವುದಿಲ್ಲ.

6. ದುಡ್ಡು

ವಿದ್ಯಾರ್ಥಿಯ ಬ್ಲಾಕ್ಡ್ ಅಕೌಂಟಿನ ಲೆಕ್ಕ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ. ಅದರಲ್ಲೇ ಬಾಡಿಗೆ, ವಿಮೆ, ಊಟ. ನಾನು ಟ್ರಿಪ್‌ಗೆ ಅಂತ ತಿಂಗಳಿಗೆ 80 ಯೂರೋ ಬೇರೆ ಎತ್ತಿಡುತ್ತಿದ್ದೆ. ಅದು ತುಂಬುವವರೆಗೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಪ್ರಾಗ್‌ನಲ್ಲಿ ಯೂರೋ ಅಲ್ಲ, ಕೊರುನಾ. ಕಾರ್ಡಿನಲ್ಲೇ ಕೊಡಿ. ಎಟಿಎಂ ಅಥವಾ ಅಂಗಡಿಯ ಮಶೀನು ‘ಯೂರೋದಲ್ಲಿ ಕೊಡುತ್ತೀರಾ, ಕೊರುನಾದಲ್ಲಾ’ ಅಂತ ಕೇಳಿದರೆ ಯಾವಾಗಲೂ ಕೊರುನಾ ಒತ್ತಿ. ಯೂರೋ ಒತ್ತಿದರೆ ಮಶೀನಿನವರ ರೇಟು ಬೀಳುತ್ತದೆ, ಅದು ಯಾವಾಗಲೂ ನಿಮಗೆ ನಷ್ಟ. ‘ಕಮಿಷನ್ ಸೊನ್ನೆ’ ಅಂತ ಬೋರ್ಡು ಹಾಕಿದ ಹಣ ಬದಲಾಯಿಸುವ ಅಂಗಡಿಗೆ ಹೋಗಬೇಡಿ, ಅವರ ಲಾಭ ರೇಟಿನಲ್ಲೇ ಅಡಗಿರುತ್ತದೆ. ಹೋಗಿ ಮೋಸ ಆಯಿತೆಂದರೆ ರಸೀದಿ ಹಿಡಿದು ಮೂರು ತಾಸಿನೊಳಗೆ ವಾಪಸ್ ಹೋಗಿ. 2019ರ ಏಪ್ರಿಲ್‌ನಿಂದ ಅಲ್ಲಿಯ ಕಾನೂನು 1000 ಯೂರೋ ಮೊತ್ತದವರೆಗೆ ವ್ಯವಹಾರ ರದ್ದು ಮಾಡುವ ಹಕ್ಕು ಕೊಟ್ಟಿದೆ. ಅಲ್ಲಿಯ ಟ್ರಾಮ್, ಮೆಟ್ರೋಗೆ ಕಾಗದದ ಟಿಕೆಟ್ ತೆಗೆದರೆ ಹಳದಿ ಮಶೀನಿನಲ್ಲಿ ಒಮ್ಮೆ ಮುದ್ರೆ ಒತ್ತಿಸಬೇಕು. ಒತ್ತಿಸದ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ, ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ.

ಸ್ವಿಟ್ಜರ್ಲೆಂಡ್‌ಗೆ ಹೋಗುವವರು ಗಡಿಗೆ ಮುಂಚೆಯೇ ಫೋನಿನ ಡೇಟಾ ಬಂದ್ ಮಾಡಿ. ಷೆಂಗೆನ್‌ನಲ್ಲಿದ್ದರೂ ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ. 2017ರಿಂದ ಇರುವ ಉಚಿತ ರೋಮಿಂಗ್ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.

7. ಮಲಗುವುದು

ಹಾಸ್ಟೆಲ್, ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಒಂದೇ ಕೋಣೆಯಲ್ಲಿ ನಾಲ್ಕು ಹಾಸಿಗೆ. ಮುಗಿಯಿತು.

8. ವಾಪಸ್

ರವಿವಾರ ಬಸ್ಸು ಹೊರಡುವ ಮುಕ್ಕಾಲು ತಾಸು ಮುಂಚೆ ನಿಲ್ದಾಣದಲ್ಲಿರಿ. ಖರ್ಚಿನ ಲೆಕ್ಕ ಬಸ್ಸಿನಲ್ಲೇ ಮುಗಿಸಿ, ದುಡ್ಡು ಅಲ್ಲೇ ಕಳಿಸಿಬಿಡಿ. ಸೋಮವಾರಕ್ಕೆ ಬಿಟ್ಟರೆ ಅದು ತಿಂಗಳು ಎಳೆಯುತ್ತದೆ, ಕೇಳುವವರಿಗೂ ಮುಜುಗರ, ಕೊಡುವವರಿಗೂ ಮುಜುಗರ.

ರೂಮಿಗೆ ಬಂದ ಕೂಡಲೇ ಮನೆಗೆ ಒಂದು ಮೆಸೇಜು. ಬೇಸಿಗೆಯಲ್ಲಿ ಭಾರತ ಜರ್ಮನಿಗಿಂತ ಮೂರೂವರೆ ತಾಸು ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ರಾತ್ರಿ 10 ಅಂದರೆ ಕಲಬುರಗಿಯಲ್ಲಿ ಒಂದೂವರೆಯೋ ಎರಡೂವರೆಯೋ ಆಗಿರುತ್ತದೆ. ಮಲಗಿರುತ್ತಾರೆ, ಎಬ್ಬಿಸುವುದು ಬೇಡ ಅಂತ ನಾನು ಮೊದಮೊದಲು ಕಳಿಸುತ್ತಿರಲಿಲ್ಲ. ರಜೆಗೆ ಬಂದಾಗ ಅಕ್ಕ ಹೇಳಿದಳು, ನೀನು ಟ್ರಿಪ್‌ಗೆ ಹೋದ ರವಿವಾರ ಅಮ್ಮ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ, ಬೆಳಕು ಹತ್ತಿತಾ ಅಂತ ಎತ್ತಿ ಎತ್ತಿ ನೋಡುತ್ತಾಳೆ ಅಂತ. ಆಮೇಲಿಂದ ಬೂಟು ಬಿಚ್ಚುವ ಮುಂಚೆಯೇ ಬಾಗಿಲಲ್ಲಿ ನಿಂತು ‘ಮುಟ್ಟಿದೆ’ ಅಂತ ಬರೆದು ಕಳಿಸುತ್ತಿದ್ದೆ.